ನೂರೈವತ್ತರ ಆಸುಪಾಸಿನವರು

2023ರ ಸೆಪ್ಟೆಂಬರಿನಲ್ಲಿ ಸುಮಿತ್ ನಗಾಲ್ ತಮ್ಮ ಬ್ಯಾಂಕಿನಲ್ಲಿ ಉಳಿದಿರೋದು 900 ಯೂರೋ, ಅಂದ್ರೆ ಸುಮಾರು 80,000 ರೂಪಾಯಿ ಅಂತ ಹೇಳಿಕೊಂಡರು. ಆಗ ಅವರು ಭಾರತದ ನಂಬರ್ ಒನ್ ಸಿಂಗಲ್ಸ್ ಆಟಗಾರ, ಜಗತ್ತಿನಲ್ಲಿ ನೂರೈವತ್ತರ ಆಸುಪಾಸು. ನನ್ನ ಕಸುಬಿನಲ್ಲಿ ಜಗತ್ತಿನ ನೂರೈವತ್ತನೆಯವನು ಸಿಕ್ಕರೆ ಕಂಪನಿಗಳು ಅವನ ಮನೆ ಬಾಗಿಲಲ್ಲೇ ಕೂರುತ್ತವೆ. (ನನ್ನ ನಂಬರ್ ಲಕ್ಷಗಳಲ್ಲಿರಬೇಕು, ಆದ್ರೂ ಸಂಬಳ ತಪ್ಪಲ್ಲ.) ಟೆನಿಸ್‌ನಲ್ಲಿ ಸಂಬಳ ಅನ್ನೋದೇ ಇಲ್ಲ. ವಿಮಾನ, ಹೋಟೆಲ್, ಕೋಚ್ ಎಲ್ಲ ಆಟಗಾರನ ತಲೆ ಮೇಲೇ. ವರ್ಷಕ್ಕೆ 80 ಲಕ್ಷದಿಂದ 1 ಕೋಟಿ ಖರ್ಚು ಅಂದಿದ್ದರು ನಗಾಲ್.

ನಾಲ್ಕು ತಿಂಗಳಾದ ಮೇಲೆ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತು ದಾಟಿ ಬಂದು, 31ನೇ ಶ್ರೇಯಾಂಕದ ಬುಬ್ಲಿಕ್‌ರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಪಟ್ಟ ಕಷ್ಟ ಸಾರ್ಥಕ ಆಯ್ತು ಅಂತ ನಾವೆಲ್ಲ ಸ್ಟೇಟಸ್ ಹಾಕಿದ್ದೇ ಹಾಕಿದ್ದು.

ಈ 'ಸಾರ್ಥಕ' ಅನ್ನೋ ಮಾತೇ ನನಗೆ ಕಸಿವಿಸಿ. ಅವತ್ತು ಸೋತಿದ್ದರೆ ಅಷ್ಟು ವರ್ಷದ ದುಡಿಮೆ ದಂಡ ಅಂತಿದ್ವಾ? ನಮ್ಮೂರಲ್ಲಿ ಮಳೆ ಕೈಕೊಟ್ಟ ವರ್ಷ, ಬಿತ್ತಿದವನನ್ನ ಯಾರೂ ದಡ್ಡ ಅನ್ನಲ್ಲ. ಬಿತ್ತೋ ಹೊತ್ತಿಗೆ ಅವನು ಮಾಡಿದ್ದು ಸರಿಯಾಗೇ ಇತ್ತು. ಸೆಪ್ಟೆಂಬರಿನಲ್ಲಿ 80,000 ಇಟ್ಕೊಂಡು ಪ್ರಾಕ್ಟೀಸಿಗೆ ಹೋದದ್ದು ಸರಿಯೋ ತಪ್ಪೋ ಅಂತ ಜನವರಿಯ ಸ್ಕೋರ್‌ಬೋರ್ಡ್ ಯಾಕೆ ತೀರ್ಮಾನ ಕೊಡಬೇಕು? ಆ ಅರ್ಹತಾ ಸುತ್ತಿಗೆ ಇಳಿಯೋ 128 ಗಂಡಸರಲ್ಲಿ ಗೆದ್ದು ದಾಟೋದು 16 ಮಂದಿ. ಉಳಿದವರೂ ಕೋಚ್‌ಗೆ ಕೊಡಬೇಕಾದ ಬಾಕಿ ಲೆಕ್ಕ ಹಾಕ್ತಾ, ಮುಂದಿನ ಟೂರ್ನಿಯ ಟಿಕೆಟ್ ಬುಕ್ ಮಾಡ್ತಾರೆ.