ಕಣ್ಣಾರೆ ಕಂಡರೂ

2022ರ ಯುಗಾದಿಯ ರಾತ್ರಿ ನಾಗಪುರದಿಂದ ಅಕ್ಕನ ಮಗ ಒಂದು ವಿಡಿಯೊ ಕಳಿಸಿದ. ಮಹಡಿಯ ಮೇಲೆ ನಿಂತು ಮೊಬೈಲಿನಲ್ಲಿ ತೆಗೆದದ್ದು. ಬೆಂಕಿಯ ಬಾಲಗಳು ಸಾಲುಗಟ್ಟಿ ಆಕಾಶ ದಾಟುತ್ತಿದ್ದವು. ‘ಉಲ್ಕೆ ಕಣೋ, ಅದೃಷ್ಟವಂತ ನೀನು’ ಎಂದು ಬರೆದೆ, ನೆಂಟರಿಗೆಲ್ಲ ಹಂಚಿದೆ. ಆಮೇಲೆ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಿದ್ದ ದೊಡ್ಡ ಲೋಹದ ಬಳೆಯ ಚಿತ್ರ ಬಂತು. ಹುಡುಗ ಸೆರೆಹಿಡಿದದ್ದು ಚೀನಾದ ರಾಕೆಟ್ಟೊಂದರ ಉರಿಯುವ ಅವಶೇಷವನ್ನು.

‘ಮಾಮ, ಉಲ್ಕೆ ಅಂತ ನಿಮಗೆ ಹೇಗೆ ಗೊತ್ತಾಗಿತ್ತು?’ ಎಂದು ಅವನು ಕೇಳಿದ. ಕೊಂಕಿನಿಂದ ಕೇಳಿದ್ದಲ್ಲ, ಅದೇ ಕಷ್ಟವಾಯಿತು. ಸುಳಿವು ವಿಡಿಯೊದಲ್ಲೇ ಇತ್ತು. ಉಲ್ಕೆ ಸೆಕೆಂಡಿಗೆ ಕನಿಷ್ಠ 11 ಕಿ.ಮೀ. ವೇಗದಲ್ಲಿ ಬರುತ್ತದೆ, ಸಾಮಾನ್ಯವಾಗಿ ಕ್ಷಣದಲ್ಲಿ ಮುಗಿಯುತ್ತದೆ. ಭೂಕಕ್ಷೆಯಿಂದ ಜಾರಿದ್ದರ ವೇಗ 8 ಕಿ.ಮೀ.ಗಿಂತ ಕಡಿಮೆ, ಅದು ಚೂರಾಗುತ್ತ, ಮೆರವಣಿಗೆಯಂತೆ ಸಾಗುತ್ತದೆ. ನಾನು ನೋಡುವ ಮೊದಲೇ ಹೆಸರಿಟ್ಟಿದ್ದೆ. ನ್ಯಾಯಸೂತ್ರ ಪ್ರತ್ಯಕ್ಷದ ಲಕ್ಷಣ ಹೇಳುವಾಗ ‘ಅವ್ಯಪದೇಶ್ಯ’ ಎಂಬ ಮಾತು ಬಳಸುತ್ತದೆ. ಇನ್ನೂ ಹೆಸರು ಅಂಟದ ಅರಿವು ಎಂದು ಅದಕ್ಕೊಂದು ವ್ಯಾಖ್ಯಾನ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಪದ, ಪರೀಕ್ಷೆಗೆ ಮಾತ್ರ ಉಪಯೋಗಕ್ಕೆ ಬಂದಿತ್ತು.

ನಾರ್ವೆಯ ಪ್ಯಾರಾಶೂಟ್ ಜಿಗಿತಗಾರನೊಬ್ಬ ಆಗ ನೆನಪಾದ. 2012ರಲ್ಲಿ ಅವನು ಜಿಗಿದಾಗ, ಪ್ಯಾರಾಶೂಟ್ ಬಿಚ್ಚಿಕೊಂಡ ಮೇಲೆ, ಪಕ್ಕದಲ್ಲೇ ಒಂದು ಕಲ್ಲು ಸರ್ರನೆ ಹಾದುಹೋದದ್ದು ಹೆಲ್ಮೆಟ್ಟಿನ ಕ್ಯಾಮೆರಾದಲ್ಲಿ ದಾಖಲಾಯಿತು. ಉರಿದು ಆರಿದ ಉಲ್ಕಾಶಿಲೆ ಬೀಳುವುದನ್ನು ಯಾರೂ ಚಿತ್ರಿಸಿರಲಿಲ್ಲ. ಗೆಳೆಯರೊಂದಿಗೆ ಕಾಡು, ಜೌಗು ಎಲ್ಲ ಹುಡುಕಿದ, ಕಲ್ಲು ಸಿಗಲಿಲ್ಲ. 2014ರಲ್ಲಿ ವಿಡಿಯೊ ಬಹಿರಂಗವಾಯಿತು. ಕೆಲವೇ ದಿನಗಳಲ್ಲಿ ಲೆಕ್ಕ ಹಾಕಿದವರು ಬೇರೊಂದು ಉತ್ತರ ಕೊಟ್ಟರು: ಪ್ಯಾರಾಶೂಟ್ ಮಡಿಸುವಾಗ ಒಳಗೆ ಸೇರಿದ ಬೆಣಚುಕಲ್ಲು ಅದು ಬಿಚ್ಚಿದಾಗ ಮೇಲಕ್ಕೆ ಚಿಮ್ಮಿ, ಆಮೇಲೆ ಅವನನ್ನು ದಾಟಿ ಬಿದ್ದಿರಬೇಕು. ಹತ್ತಿರದ ಹರಳೂ ದೂರದ ಬಂಡೆಯೂ ಒಂದು ಕ್ಯಾಮೆರಾಕ್ಕೆ ಒಂದೇ ಗಾತ್ರ. ಶೋಧದಲ್ಲಿ ಜೊತೆಗಿದ್ದವರೇ ಈ ವಿವರಣೆಯನ್ನು ಒಪ್ಪಿದರು.

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ, ಸುಮಾರು 20 ಮೀಟರ್ ಅಗಲದ ಕಲ್ಲಿನ ಕಥೆಯೇ ಬೇರೆ. ಅಲ್ಲಿ ಕಾರುಗಳಲ್ಲಿದ್ದ ಕ್ಯಾಮೆರಾಗಳು ಅಪಘಾತದ ಜಗಳಕ್ಕೆ ಸಾಕ್ಷಿಯಾಗಲೆಂದು ಓಡುತ್ತಿದ್ದವು, ಆಕಾಶದ ಆಸೆ ಅವಕ್ಕಿರಲಿಲ್ಲ. ನಗರದ ಚೌಕದ ದೀಪದ ಕಂಬಗಳ ನೆರಳು ತಿರುಗಿದ ಬಗೆಯನ್ನು ವಿಡಿಯೊದಲ್ಲಿ ಅಳೆದು, ಕೊಲಂಬಿಯಾದ ಇಬ್ಬರು ಖಗೋಳವಿಜ್ಞಾನಿಗಳು ಆ ಕಲ್ಲು ಸೂರ್ಯನ ಸುತ್ತ ಸುತ್ತಿದ ಹಾದಿಯನ್ನು ಅಂದಾಜು ಮಾಡಿದರು. (ಬೆಳಕು ಕಂಡು ಕಿಟಕಿಗೆ ಬಂದವರಿಗೆ, ನಿಮಿಷಗಳ ಬಳಿಕ ಬಂದ ಆಘಾತದ ಅಲೆ ಗಾಜು ಒಡೆದು ಗಾಯ ಮಾಡಿತು.)

ಹಾಗಾದರೆ ಆಸೆಯಿಲ್ಲದ ಕಣ್ಣೇ ಒಳ್ಳೆಯ ಸಾಕ್ಷಿಯೇ? ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಜಿಗಿತಗಾರನಿಗೆ ಆಸೆಯಿದ್ದದ್ದರಿಂದಲೇ ಎರಡು ಬೇಸಿಗೆ ಹುಡುಕಾಟ ನಡೆಯಿತು, ಪರರ ಲೆಕ್ಕಕ್ಕೂ ದಾರಿಯಾಯಿತು. ಅವನು ಆಸೆಯ ಜೊತೆಗೆ ವಿಡಿಯೊವನ್ನೂ ಜನರ ಮುಂದಿಟ್ಟ. ನಾನು ನನ್ನ ನೆಂಟರ ಮುಂದಿಟ್ಟದ್ದು ತೀರ್ಮಾನವನ್ನು. ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ಕನ್ನಡಕ ನಾನೇ ತೊಡಿಸಿದೆ.

ಮೊನ್ನೆ ಅವನು ಇನ್ನೊಂದು ವಿಡಿಯೊ ಕಳಿಸಿದ್ದಾನೆ, ಎರಡು ಸೆಕೆಂಡಿನದು. ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಎಂದು ಕೇಳಿದೆ. ‘9.40, ನೀರಿನ ಟ್ಯಾಂಕಿನ ಎಡಕ್ಕೆ’ ಎಂದು ಉತ್ತರ ಬಂತು. ಪಕ್ಕದ ಬೀದಿಯ ಗೆಳೆಯನೂ ತೆಗೆದಿದ್ದಾನಂತೆ, ಕೇಳಿ ನೋಡುತ್ತೇನೆ ಎಂದಿದ್ದಾನೆ.