ಧೂಳು, ಕಾಲ ಮತ್ತು ಜೀರ್ಣೋದ್ಧಾರ

‘ಕಾಲ ಕೆಟ್ಟಿತು’, ‘ಕಾಲ ಎಲ್ಲವನ್ನೂ ನುಂಗಿತು’ ಎಂಬ ಮಾತುಗಳು ಲೋಕರೂಢಿಯಲ್ಲಿವೆ. ಬಸದಿಯ ಮಾಡು ಕುಸಿದರೂ, ಶಾಸನದ ಅಕ್ಷರ ಸವೆದರೂ, ಓಲೆಗರಿಗೆ ಹುಳು ಹಿಡಿದರೂ ಅಪವಾದ ಹೊರುವುದು ಕಾಲವೇ. ಆದರೆ ಜೈನ ಸಿದ್ಧಾಂತದ ಮುಂದೆ ಈ ಆಪಾದನೆ ನಿಲ್ಲುವುದಿಲ್ಲ. ಷಡ್‌ದ್ರವ್ಯಗಳಲ್ಲಿ ಒಂದಾದ ಕಾಲಕ್ಕೆ ವರ್ತನೆಯೇ ಲಕ್ಷಣ. ಇತರ ದ್ರವ್ಯಗಳು ತಮ್ಮ ತಮ್ಮ ಸ್ವಭಾವದಂತೆ ಪರಿಣಮಿಸುವಾಗ ಅದು ಉದಾಸೀನ ನಿಮಿತ್ತ ಮಾತ್ರ. ಕುಂಬಾರನ ಚಕ್ರದ ಅಡಿಗಲ್ಲು ಚಕ್ರಕ್ಕೆ ಆಸರೆಯಾಗುತ್ತದೆಯೇ ಹೊರತು ಅದನ್ನು ತಿರುಗಿಸುವುದಿಲ್ಲ. ಶಾಸ್ತ್ರಕಾರರು ಕಾಲಕ್ಕೆ ಕೊಡುವ ಉಪಮೆ ಇದು. ಹಾಗಾದರೆ ತಿರುಗಿಸಿದ ಕೈ ಯಾರದು? ಧರ್ಮಸಂಸ್ಥೆಗಳನ್ನು ನಡೆಸುವವರೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ.

ಏಷ್ಯಾದ ಇಂದಿನ ಕಲಾವಿದರಲ್ಲಿ ಹಲವರು ಕಾಲವನ್ನೇ ತಮ್ಮ ಕೃತಿಯ ವಸ್ತುವಾಗಿ ಆರಿಸಿಕೊಂಡಿದ್ದಾರೆ. ಜಪಾನ್ ಮೂಲದ ಆನ್ ಕವಾರಾ ಅವರು 1966ರಿಂದ ಆಯಾ ದಿನದ ದಿನಾಂಕವನ್ನೇ ಚಿತ್ರವಾಗಿ ಬರೆಯುತ್ತ ಬಂದರು. ಮಧ್ಯರಾತ್ರಿಯೊಳಗೆ ಮುಗಿಯದ ಚಿತ್ರವನ್ನು ನಾಶಪಡಿಸುತ್ತಿದ್ದರು. ತೈವಾನ್ ಮೂಲದ ತೆಹ್‌ಚಿಂಗ್ ಶೇ ಅವರು 1980ರ ಏಪ್ರಿಲಿನಿಂದ ಒಂದು ವರ್ಷ ಹಗಲಿರುಳೆನ್ನದೆ ಗಂಟೆಗೊಮ್ಮೆ ಕಾರ್ಖಾನೆಯ ಹಾಜರಿ ಗಡಿಯಾರಕ್ಕೆ ಚೀಟಿ ಒತ್ತಿದರು. ಒತ್ತಬೇಕಾದ 8,760 ಸಲಗಳಲ್ಲಿ ತಪ್ಪಿದ್ದು 133 ಮಾತ್ರ. ನಲವತ್ತೆಂಟು ನಿಮಿಷಗಳ ಸಾಮಾಯಿಕವನ್ನು ವ್ರತವಾಗಿ ಹಿಡಿದ ಶ್ರಾವಕರಿಗೆ ಇದು ತೀರ ಅಪರಿಚಿತವೆನಿಸದು. ಆದರೆ ಇವೆರಡರ ನಡುವೆ ಅಂತರವುಂಟು. ಹಾಜರಿ ಗಡಿಯಾರವು ಮನುಷ್ಯ ಬಂದನೇ ಎಂದಷ್ಟೇ ಗುರುತಿಸುತ್ತದೆ. ಸಾಮಾಯಿಕವು ಅವನು ಸಮಭಾವದಲ್ಲಿ ಇದ್ದನೇ ಎಂದು ಕೇಳುತ್ತದೆ.

ಈ ವಿಚಾರದಲ್ಲಿ ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಕಲಾವಿದರು ಕುಂದಾಪುರ ಸಮೀಪದ ಕೋಟೇಶ್ವರದಲ್ಲಿ 1971ರಲ್ಲಿ ಜನಿಸಿದ ಎಲ್. ಎನ್. ತಲ್ಲೂರು. ಮೈಸೂರಿನಲ್ಲಿ ಚಿತ್ರಕಲೆಯನ್ನೂ ಬರೋಡದಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರವನ್ನೂ ಅಭ್ಯಾಸ ಮಾಡಿದ ಅವರ 2019ರ ಒಂದು ಚಲನಚಿತ್ರಿಕೆಯ ಹೆಸರು ‘ಇಂಟರ್‌ಫಿಯರೆನ್ಸ್’. ಗುಜರಾತಿನ ಜುನಾಗಢದ ವಸ್ತುಸಂಗ್ರಹಾಲಯದ ಹಳೆಯ ರತ್ನಗಂಬಳಿಯೊಂದನ್ನು ನೌಕರರು ಬಡಿದು ಧೂಳು ಕೊಡವುತ್ತಾರೆ. ದೃಶ್ಯವು ಅತ್ಯಂತ ಮಂದಗತಿಯಲ್ಲಿ ಸಾಗುತ್ತದೆ. ಒಂದೊಂದು ಏಟಿಗೂ ಧೂಳು ಮೋಡದಂತೆ ಏಳುತ್ತದೆ. ಕೃತಿಯಲ್ಲಿ ನಡೆಯುವುದು ಇಷ್ಟೇ. ಜುನಾಗಢವೆಂದರೆ ಭಗವಾನ್ ನೇಮಿನಾಥರ ನಿರ್ವಾಣಭೂಮಿಯಾದ ಗಿರನಾರದ ಊರು. ಕಲಾವಿದರ ಉದ್ದೇಶ ಏನೇ ಇರಲಿ, ಕರ್ಮವನ್ನು ಆತ್ಮಕ್ಕೆ ಅಂಟಿದ ಪುದ್ಗಲರಜವೆಂದು ತಿಳಿದವರು ಆ ಧೂಳನ್ನು ಬರಿಯ ಧೂಳಾಗಿ ಕಾಣುವುದು ಕಷ್ಟ.

ಆದರೆ ಕೊಡವುವುದೊಂದೇ ಶುದ್ಧಿಯಲ್ಲ. ತತ್ತ್ವಗಳ ಕ್ರಮದಲ್ಲಿ ಸಂವರ ಮೊದಲು, ನಿರ್ಜರೆ ಅನಂತರ. ದೋಣಿಯ ತೂತು ಮುಚ್ಚದೆ ನೀರು ಮೊಗೆಯುವವನ ಶ್ರಮಕ್ಕೆ ಕೊನೆಯಿಲ್ಲ. ಕೊಡವುವ ರೀತಿಯೂ ಮುಖ್ಯವೇ. ಮುನಿಗಳು ಕುಳಿತುಕೊಳ್ಳುವ ನೆಲವನ್ನು ಬಡಿಯುವುದಿಲ್ಲ. ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಸವರುತ್ತಾರೆ. ಶುಚಿಯಾಗಬೇಕು, ಹಿಂಸೆಯಾಗಕೂಡದು ಎಂಬ ಎರಡು ನಿಯಮಗಳೂ ಆ ಒಂದು ಕ್ರಿಯೆಯಲ್ಲಿ ಸೇರಿವೆ.

ಈ ಮಾನದಂಡವನ್ನು ಜೀರ್ಣೋದ್ಧಾರಕ್ಕೆ ಅನ್ವಯಿಸಿ ನೋಡಬೇಕು. ಬ್ರಹ್ಮಾವರ ತಾಲ್ಲೂಕಿನ ಬಾರ್ಕೂರು ಆಳುಪರ ರಾಜಧಾನಿಯಾಗಿದ್ದ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿದ್ದ ಪಟ್ಟಣ. ಅಲ್ಲಿನ ಕತ್ತಲೆ ಬಸದಿಯ ಅವಶೇಷಗಳು ಇಂದು ಮೌನವಾಗಿ ನಿಂತಿವೆ. ಹೀಗೆ ಪಾಳುಬಿಡುವುದು ಒಂದು ಬಗೆಯ ಪ್ರಮಾದ. ಅದಕ್ಕೆ ಎದುರಾದ ಇನ್ನೊಂದು ಪ್ರಮಾದವೂ ಇದೆ. ಹಳೆಯ ಮುರಕಲ್ಲು ಕಿತ್ತು ಕಾಂಕ್ರೀಟು ಹಾಕುವುದು, ಕೆತ್ತನೆಯ ಕಂಬಕ್ಕೆ ಎಣ್ಣೆಬಣ್ಣ ಬಳಿಯುವುದು, ಲೋಹದ ಬಿಂಬಗಳನ್ನು ಆಮ್ಲದಿಂದ ಉಜ್ಜುವುದು, ಶಾಸನದ ಕಲ್ಲನ್ನು ಮೆಟ್ಟಿಲಿಗೆ ಬಳಸಿ ಗೋಡೆಯಲ್ಲಿ ಹೊಸ ದಾನಿಗಳ ನಾಮಫಲಕ ಜಡಿಯುವುದು. ಮೊದಲನೆಯದನ್ನು ಆಲಸ್ಯವೆಂದು ಎಲ್ಲರೂ ನಿಂದಿಸುತ್ತಾರೆ. ಎರಡನೆಯದಕ್ಕೆ ಸನ್ಮಾನ ಸಲ್ಲುತ್ತದೆ.

ಬಸದಿಯು ಆರಾಧನೆಯ ಸ್ಥಾನ, ವಸ್ತುಸಂಗ್ರಹಾಲಯವಲ್ಲ. ಭಕ್ತರಿಗೆ ಅನುಕೂಲವಾಗುವಂತೆ ಹೊಸದು ಮಾಡಿದರೆ ತಪ್ಪೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಪ್ರತಿಯೊಂದು ದ್ರವ್ಯವೂ ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದೆ. ಬದಲಾವಣೆಯನ್ನು ನಿರಾಕರಿಸುವುದು ಜೈನದೃಷ್ಟಿಯಲ್ಲ. ಸೋರುವ ಮಾಡನ್ನು ಬದಲಿಸಲೇಬೇಕು, ಕತ್ತಲೆಯಿದ್ದಲ್ಲಿ ದೀಪ ಬೇಕು. ಆದರೆ ಆ ಮೂರರಲ್ಲಿ ಧ್ರೌವ್ಯವೂ ಒಂದು. ಹಳೆಯ ಶಾಸನವೆಂದರೆ ಒಬ್ಬ ಶ್ರಾವಕನೋ ಶ್ರಾವಿಕೆಯೋ ಮಾಡಿಟ್ಟ ದಾನಪತ್ರ. ವ್ಯಾಪಾರದಲ್ಲಿ ಇನ್ನೊಬ್ಬನ ಕರಾರುಪತ್ರವನ್ನು ಅಳಿಸಿ ಅದೇ ಕಾಗದದ ಮೇಲೆ ತನ್ನ ಹೆಸರು ಬರೆದವನನ್ನು ಯಾರೂ ಧರ್ಮಿಷ್ಠನೆನ್ನಲಾರರು. ಬಸದಿಯಲ್ಲಿ ಅದನ್ನೇ ಮಾಡಿದರೆ ಅಚೌರ್ಯವ್ರತಕ್ಕೆ ಭಂಗ ಬರುವುದಿಲ್ಲವೇ? ದಾನ ಕೊಡುವುದಕ್ಕಿಂತ ಕೊಟ್ಟ ದಾನವನ್ನು ಪಾಲಿಸುವುದು ಮಿಗಿಲೆಂದು ನಮ್ಮ ನಾಡಿನ ಎಷ್ಟೋ ದಾನಶಾಸನಗಳು ಕೊನೆಯಲ್ಲಿ ಸಾರುತ್ತವೆ. ಆ ಮಾತನ್ನು ಕೆತ್ತಿಸಿದವರು ಇಂದಿನವರನ್ನು ಉದ್ದೇಶಿಸಿಯೇ ಕೆತ್ತಿಸಿದ್ದಾರೆ.

ಲೆಕ್ಕಪತ್ರದ ನಿಯಮದಂತೆ ಕಟ್ಟಡದ ಬೆಲೆಯಿಂದ ವರ್ಷಂಪ್ರತಿ ಸವಕಳಿ ಕಳೆಯುತ್ತಾರೆ. ಪ್ರಾಚೀನ ಬಸದಿಯ ಮೌಲ್ಯ ಮಾತ್ರ ವರ್ಷ ಕಳೆದಂತೆ ಏರುತ್ತದೆ. ಅದನ್ನು ತೋರಿಸುವ ಅಂಕಣ ಯಾವ ಖಾತೆ ಪುಸ್ತಕದಲ್ಲೂ ಇಲ್ಲ. ಆದರೂ ಸವಕಳಿಯ ಲೆಕ್ಕದಿಂದ ಕಲಿಯುವ ಪಾಠವೊಂದಿದೆ: ಸವೆತವು ನಿತ್ಯ, ಆದ್ದರಿಂದ ಅದಕ್ಕೆ ತಕ್ಕ ನಿಧಿಯೂ ನಿತ್ಯವಾಗಿರಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಬೈಂದೂರು, ಕುಂದಾಪುರ, ಬ್ರಹ್ಮಾವರದ ನೆಲದಲ್ಲಿ ಮೂವತ್ತು ವರ್ಷಕ್ಕೊಮ್ಮೆ ನಡೆಯುವ ವೈಭವದ ಜೀರ್ಣೋದ್ಧಾರಕ್ಕಿಂತ ಪ್ರತಿ ವೈಶಾಖದಲ್ಲಿ ಹೆಂಚು ಸರಿಪಡಿಸಿ, ಗೋಡೆಯಲ್ಲಿ ಮೊಳೆತ ಅಶ್ವತ್ಥದ ಸಸಿಯನ್ನು ಬೇರು ಇಳಿಯುವ ಮುನ್ನವೇ ತೆಗೆಯುವುದು ಶ್ರೇಷ್ಠ. ಅದೇ ಸಂವರ. ಬಿಂಬ, ಶಾಸನ, ಓಲೆಗ್ರಂಥಗಳ ಪಟ್ಟಿಯನ್ನು ಛಾಯಾಚಿತ್ರಸಹಿತ ಬರೆದಿಡುವುದು, ಹಳೆಯ ಕಲ್ಲನ್ನು ಕದಲಿಸುವ ಮೊದಲು ಬಲ್ಲವರನ್ನು ಕೇಳುವುದು ಪ್ರತಿಯೊಂದು ಆಡಳಿತ ಮಂಡಳಿಯ ಕರ್ತವ್ಯ.

ಇಂತಹ ಕೆಲಸಕ್ಕೆ ನಾಮಫಲಕ ದೊರೆಯುವುದಿಲ್ಲ. ಸೋರದ ಮಾಡಿನ ಕೆಳಗೆ ನಿಂತ ಭಕ್ತನಿಗೆ ಅದನ್ನು ಸರಿಪಡಿಸಿದವರು ಯಾರೆಂದು ತಿಳಿಯುವುದೂ ಇಲ್ಲ. ಫಲಾಪೇಕ್ಷೆಯಿಲ್ಲದ ದಾನವೆಂದು ಶಾಸ್ತ್ರಗಳು ಹೊಗಳುವುದು ಬಹುಶಃ ಇದನ್ನೇ.