ಕೊನೆಯ ಅಕ್ಷರಕ್ಕೆ ಜಾಗ

ನಂಜನಗೂಡಿನಲ್ಲಿ ಮೊನ್ನೆ ಒಬ್ಬರು ಅಂಗಡಿಗೆ ಬೋರ್ಡ್ ಬರೆಯುತ್ತಿದ್ದರು. ಹೆಸರು ‘ಶ್ರೀಕಂಠೇಶ್ವರ ಸ್ಟೋರ್ಸ್’. ಬ್ರಷ್ ಮುಟ್ಟುವ ಮೊದಲು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಒಂದೊಂದು ಅಕ್ಷರಕ್ಕೂ ಬೆರಳಲ್ಲಿ ಅಳೆದು ಗುರುತು ಹಾಕಿದರು. ‘ವ’ಗೆ ಕೊಟ್ಟ ಜಾಗ ‘ಶ್ರೀ’ಗೆ ಸಾಲದು. ಕೊನೆಯ ‘ರ್ಸ್’ಗೆ ಅರ್ಕಾವತ್ತು ಬೇರೆ ಬಲಕ್ಕೆ ಚಾಚುತ್ತದೆ. “ಕೊನೇ ಅಕ್ಷರಕ್ಕೇ ಮೊದ್ಲು ಜಾಗ ಇಡ್ಬೇಕು ಸಾ” ಎಂದರು.

ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್‌ಗೂ ಇದೇ ಚಿಂತೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿರುವ ಎಕ್ಸ್86 ಚಿಪ್‌ಗೆ ಕೊಡುವ ಒಂದು ಆದೇಶ 1 ಬೈಟ್‌ನಲ್ಲೂ ಮುಗಿಯಬಹುದು, 15 ಬೈಟ್‌ವರೆಗೂ ಹೋಗಬಹುದು. ಆದೇಶ ಎಣಿಸಿದ ಮಾತ್ರಕ್ಕೆ ಗಾತ್ರ ತಿಳಿಯದು. ಸಣ್ಣ ಚಿಪ್‌ಗಳಲ್ಲಂತೂ ಜಾಗಕ್ಕೆ ಬಲು ಬರ. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಆರ್ಡುಯಿನೊ ಊನೊ ಆರ್3 ಹಲಗೆಯಲ್ಲಿ ಪ್ರೋಗ್ರಾಂಗೆ ಇರುವುದೇ 32 ಕಿಲೋಬೈಟ್.

ನಿಜವಾದ ತೊಡಕು ಪ್ರೋಗ್ರಾಂನ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಸುವ ‘ಜಂಪ್’ ಆದೇಶದ್ದು. ಊರೊಳಗೆ ‘ತೇರಿನ ಬೀದಿ’ ಎಂದರೆ ಸಾಕು, ಟಿ. ನರಸೀಪುರದಿಂದ ಕಾಗದ ಹಾಕುವವರು ಊರು, ಪಿನ್‌ಕೋಡ್ ಎಲ್ಲ ಬರೆಯಬೇಕು. ಹಾಗೆಯೇ ಎಕ್ಸ್86ನಲ್ಲಿ ಸುಮಾರು 128 ಬೈಟ್‌ನೊಳಗೆ ಜಿಗಿಯಲು 2 ಬೈಟ್ ಸಾಕು, ದಾಟಿದರೆ 5 ಬೈಟ್ ಬೇಕು. ಆದರೆ ದೂರ ಎಷ್ಟೆಂಬುದು ನಡುವಿನ ಆದೇಶಗಳ ಗಾತ್ರದ ಮೇಲೆ ನಿಂತಿದೆ, ಆ ನಡುವೆಯೂ ಜಂಪ್‌ಗಳಿರುತ್ತವೆ! 1978ರಲ್ಲಿ ಥಾಮಸ್ ಶಿಮಾನ್ಸ್ಕಿ ಈ ಗಂಟನ್ನೇ ಕುರಿತು ಪ್ರಬಂಧ ಬರೆದರು. ಎಲ್ಲವನ್ನೂ ಮೊದಲು ಚಿಕ್ಕದೆಂದೇ ಹಿಡಿದು, ಎಟುಕದವನ್ನು ಮಾತ್ರ ಹಿಗ್ಗಿಸುತ್ತ ಮತ್ತೆ ಮತ್ತೆ ಲೆಕ್ಕ ಹಾಕುವುದು ಒಂದು ದಾರಿ. ಹಿಗ್ಗಿಸಿದ್ದನ್ನು ಮತ್ತೆ ಕುಗ್ಗಿಸುವುದಿಲ್ಲವಾದ್ದರಿಂದ ಲೆಕ್ಕ ಒಂದು ಕಡೆ ನಿಂತೇ ನಿಲ್ಲುತ್ತದೆ. ಎಷ್ಟು ಚೆಂದದ ಯುಕ್ತಿ!

ಗಾತ್ರವನ್ನು ಅಂದಾಜಿಸಲೇಬೇಕಾದ ಕಡೆಯೂ ಉಂಟು. ಪ್ರೋಗ್ರಾಂ ನಡುವೆ ನಾವೇ ಯಂತ್ರದ ಆದೇಶಗಳನ್ನು, ಅಂದರೆ ಅಸೆಂಬ್ಲಿ ಸಾಲುಗಳನ್ನು ತೂರಿಸಿದರೆ ಜಿಸಿಸಿ ಕಂಪೈಲರ್‌ಗೆ ಅವುಗಳ ಒಳಗು ತಿಳಿಯದು. ಸಾಲುಗಳನ್ನು ಎಣಿಸಿ, ಆ ಚಿಪ್‌ನ ಅತಿ ಉದ್ದದ ಆದೇಶದ ಗಾತ್ರದಿಂದ ಗುಣಿಸಿಬಿಡುತ್ತದೆ. ಹೀಗೆ ಹೆಚ್ಚು ಹಿಡಿದದ್ದಕ್ಕೆ ದಂಡ ತೆರಬೇಕಾಯಿತು: ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ಪುಟ್ಟ ತುಣುಕುಗಳೂ ದೊಡ್ಡವಾಗಿ ಕಂಡು, ಕರೆದ ಜಾಗದಲ್ಲೇ ಸೇರಬೇಕಾದವು ಸೇರದೆ (‘ಇನ್‌ಲೈನ್’ ಆಗದೆ) ಹೊರಗುಳಿದವು. 2019ರ ಜಿಸಿಸಿ 9ರಲ್ಲಿ ‘ಸೇರಿಸುವಾಗ ಇದು ಚಿಕ್ಕದೆಂದೇ ತಿಳಿ’ ಎಂದು ಹೇಳುವ ‘ಎಎಸ್ಎಂ ಇನ್‌ಲೈನ್’ ಬಂತು. ಆದರೂ ಜಂಪ್ ಲೆಕ್ಕದಲ್ಲಿ ಹೆಚ್ಚು ಹಿಡಿದ ತಪ್ಪೇ ವಾಸಿ. ಕಡಿಮೆ ಹಿಡಿದರೆ ಕೆಲವು ಚಿಪ್‌ಗಳಲ್ಲಿ ಜಂಪ್ ಗುರಿ ಮುಟ್ಟದೆ, ಪ್ರೋಗ್ರಾಂ ಸಿದ್ಧವಾಗದೇ ಹೋಗಬಹುದು.

ಬೆಂಗಳೂರಿನ ಐಐಎಸ್‌ಸಿಯ ವೈ.ಎನ್. ಶ್ರೀಕಾಂತ್, ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ಕೈಪಿಡಿ 2002ರಲ್ಲೇ ಬಂದಿದೆ. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳೇ, ಅದನ್ನೊಮ್ಮೆ ತಿರುವಿಹಾಕಿ. ದೊಡ್ಡ ಚಿಪ್ ಬೇಕೆನ್ನುವ ಮುನ್ನ ನಿಮ್ಮ ಪ್ರೋಗ್ರಾಂಗೆ ‘ಸೈಜ್’ ಕಮಾಂಡ್ ಕೊಟ್ಟು, ಎಷ್ಟು ಬೈಟ್ ಆಗಿದೆ ಎಂದು ಕಣ್ಣಾರೆ ನೋಡಿ.